ಆರು ಪಾಯಿಂಟ್ ಎರಡು

ನಮ್ಮ ವಿಭಾಗದ ಹುಡುಗಿಯರು ಆ ಯಂತ್ರಕ್ಕೆ ಇಟ್ಟ ಹೆಸರು ‘ಅತ್ತಿ’.

ವಿಶ್ವವಿದ್ಯಾಲಯದ ಕಾಗದಪತ್ರಗಳಲ್ಲಿ ಅದರ ಹೆಸರು ‘ಸಹಸ್ತ’. ನೋಡಲು ದೊಡ್ಡದೇನಲ್ಲ. ಎಡಗೈಗೆ ಒಂದು ತೆಳು ಕೈಗವಸು, ಕಣ್ಣಿಗೆ ಒಂದು ಕನ್ನಡಕ, ಕಿವಿಯೊಳಗೆ ಕಡಲೆಕಾಳಿನಷ್ಟು ಒಂದು ಗುಂಡು. ಇವನ್ನು ತೊಟ್ಟುಕೊಂಡು ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಬೆಂಚಿನ ಮುಂದೆ ನಿಂತರೆ ಕೈಗವಸು ಬೆರಳನ್ನು ತಿದ್ದುತ್ತದೆ, ಕನ್ನಡಕ ಕಣ್ಣನ್ನು ತಿದ್ದುತ್ತದೆ, ಕಿವಿಯ ಗುಂಡು ನೀವು ಎಲ್ಲಿ ತಪ್ಪಿದಿರಿ ಎಂದು ಮೆಲ್ಲಗೆ ಹೇಳುತ್ತಲೇ ಇರುತ್ತದೆ. ಬೆನ್ನ ಹಿಂದೆ ನಿಂತು ‘ಹಂಗಲ್ಲ, ಹಿಂಗ’ ಎನ್ನುವವರಿಗೆ ನಮ್ಮ ಕಡೆ ಅತ್ತೆಯೆಂದಲ್ಲದೆ ಬೇರೆ ಹೆಸರಿಲ್ಲ. ‘ಅತ್ತಿ ಏನಂದ್ಲು?’ ‘ಹನಿ ಸಾವಕಾಶ ಬಿಡು ಅಂದ್ಲು’ ಎಂದು ಹುಡುಗಿಯರು ಮಾತಾಡಿಕೊಳ್ಳುವುದನ್ನು ಕೇಳಿ ನಾನೂ ನಕ್ಕಿದ್ದೇನೆ.

ಅದನ್ನು ನಮ್ಮ ವಿಭಾಗಕ್ಕೆ ತಂದವಳು ನಾನೇ. ನನ್ನ ಹೆಸರು ಸುನಂದಾ ಹೊಸಮನಿ. ಇಪ್ಪತ್ತೆಂಟು ವರ್ಷದ ಹಿಂದೆ ಇದೇ ಲ್ಯಾಬಿನಲ್ಲಿ ವಿದ್ಯಾರ್ಥಿನಿಯಾಗಿದ್ದೆ, ಈಗ ಪ್ರಾಧ್ಯಾಪಕಿ, ಜೊತೆಗೆ ಸಹಸ್ತದ ಸಂಯೋಜಕಿ. ಅದು ಬರುವ ಮೊದಲು ಅರವತ್ತು ಮಕ್ಕಳಿಗೆ ಒಬ್ಬ ಮೇಷ್ಟರು, ಹನಿ ಅಳೆದು ಬಿಡುವ ಗಾಜಿನ ಬ್ಯುರೆಟ್ಟು ಹದಿನಾಲ್ಕು, ಅದರಲ್ಲಿ ನಾಲ್ಕು ಸೋರುವಂಥವು. ಹಿಂದಿನ ಬೆಂಚಿನಲ್ಲಿ ಯಾರು ಏನು ಮಾಡುತ್ತಿದ್ದಾರೆಂದು ದೇವರಿಗೂ ಗೊತ್ತಾಗುತ್ತಿರಲಿಲ್ಲ. ಸಹಸ್ತ ಬಂದ ಮೇಲೆ ಆಸಿಡ್ ಸುಟ್ಟುಕೊಳ್ಳುವುದು ನಿಂತಿತು, ಗಾಜು ಒಡೆಯುವುದು ಕಡಿಮೆಯಾಯಿತು. ಕೇಳಲು ನಾಚುತ್ತಿದ್ದ ಹಳ್ಳಿಯ ಮಕ್ಕಳು ಕಿವಿಯ ಗುಂಡನ್ನು ನಾಚಿಕೆಯಿಲ್ಲದೆ ಕೇಳಿದರು. ಕೆಂಪು ಹಸಿರಿನ ವ್ಯತ್ಯಾಸ ತಿಳಿಯದ ಒಬ್ಬ ಹುಡುಗ ಕನ್ನಡಕದ ಬಲದಿಂದ ಪಾಸಾಗಿ ಹೋದ. ಇದನ್ನೆಲ್ಲ ನಾನು ಈಗಲೂ ಸುಳ್ಳೆನ್ನಲಾರೆ.

ಯಂತ್ರಕ್ಕೆ ಕಲಿಸುವುದು ಹೇಗೆ ಎಂಬ ಪ್ರಶ್ನೆ ಬಂದಾಗಲೂ ಉಪಾಯ ಹೇಳಿದವಳು ನಾನೇ. ಉಗ್ರಾಣದಲ್ಲಿ ನನ್ನ ಓದಿನ ಕಾಲದಿಂದಲೂ ಕೂಡಿದ್ದ ಪ್ರ್ಯಾಕ್ಟಿಕಲ್ ರೆಕಾರ್ಡುಗಳು ಗೆದ್ದಲು ಹಿಡಿಯುತ್ತ ಬಿದ್ದಿದ್ದವು. ಧೂಳು ಕೊಡವಿ ನಲವತ್ತೊಂದು ಸಾವಿರ ಪುಟಗಳನ್ನು ಸ್ಕ್ಯಾನ್ ಮಾಡಿಸಿ ಅದಕ್ಕೆ ಉಣಿಸಿದೆವು. ಎಲ್ಲಕ್ಕಿಂತ ಮೇಲಿದ್ದದ್ದು ನನ್ನದೇ ರೆಕಾರ್ಡು. ನೀರಿನ ಗಡಸುತನ ಅಳೆಯುವ ಪ್ರಯೋಗ, ನಮ್ಮ ಗುರುಗಳು ಕೆಂಪು ಶಾಯಿಯಲ್ಲಿ ಬರೆದ ‘ಭೇಷ್’.

ಆ ಪ್ರಯೋಗ ಬಹಳ ಸರಳ. ಕ್ಯಾಂಪಸ್ಸಿನ ನಳದ ನೀರನ್ನು ಐವತ್ತು ಮಿಲಿಲೀಟರ್ ಫ್ಲಾಸ್ಕಿಗೆ ಹಾಕಿ, ಚಿಟಿಕೆ ಸೂಚಕ ಬೆರೆಸಿದರೆ ನೀರು ದ್ರಾಕ್ಷಿ ರಸದ ಕೆಂಪಾಗುತ್ತದೆ. ಮೇಲೆ ಬ್ಯುರೆಟ್ಟಿನಿಂದ ಇಡಿಟಿಎ ದ್ರಾವಣವನ್ನು ಹನಿ ಹನಿಯಾಗಿ ಬಿಡಬೇಕು. ನೀರಿನಲ್ಲಿದ್ದ ಸುಣ್ಣವನ್ನೆಲ್ಲ ಅದು ಹಿಡಿದುಕೊಂಡ ಗಳಿಗೆಯಲ್ಲಿ ಕೆಂಪು ನೀಲಿಯಾಗುತ್ತದೆ. ಎಷ್ಟು ದ್ರಾವಣ ಇಳಿಯಿತೋ ಅದನ್ನು ಇಪ್ಪತ್ತರಿಂದ ಗುಣಿಸಿದರೆ ಗಡಸುತನ ಸಿಕ್ಕಿತು. ನನ್ನ ರೆಕಾರ್ಡಿನಲ್ಲಿದ್ದದ್ದು 6.2, 6.2, 6.1. ಆಮೇಲೆ ಬಂದ ಎಲ್ಲ ರೆಕಾರ್ಡುಗಳಲ್ಲೂ ಅದೇ, ಅಥವಾ ಕೂದಲೆಳೆಯಷ್ಟು ಆಚೀಚೆ. ನಮ್ಮ ವಿಭಾಗದಲ್ಲಿ ಒಂದು ಮಾತಿದೆ, ಹಿರಿಯರಿಂದ ಕಿರಿಯರಿಗೆ ಇಳಿದು ಬಂದದ್ದು: ‘ಎರಡು ಒಂದೇ, ಒಂದು ಹತ್ತಿರ.’ ಮೂರು ರೀಡಿಂಗ್ ಹೀಗೆ ಬರೆದರೆ ಯಾವ ಪರೀಕ್ಷಕನೂ ಮಾತಾಡುವುದಿಲ್ಲ. ಉತ್ತರ ಮೊದಲು, ಪ್ರಯೋಗ ಆಮೇಲೆ. ನಾನೂ ಮಕ್ಕಳಿಗೆ ಈ ಮಾತು ಹೇಳಿದ್ದೇನೆ, ಹೇಳುವಾಗ ಕಣ್ಣು ಮಿಟುಕಿಸಿದ್ದೇನೆ.

ಕೊನೆಯ ಸೆಮಿಸ್ಟರಿನ ಪ್ರ್ಯಾಕ್ಟಿಕಲ್ ಪರೀಕ್ಷೆಯ ದಿನ ನಾನು ಕಂಟ್ರೋಲ್ ರೂಮಿನಲ್ಲಿದ್ದೆ. ಮೊದಲು ಅದು ಗಾಜಿನ ಸಾಮಾನಿನ ಕೋಣೆಯಾಗಿತ್ತು, ಈಗ ಆರು ಪರದೆಗಳಿವೆ. ಬೆಂಚಿಗೊಂದು ಹಸಿರು ದೀಪ. ಹನ್ನೊಂದರ ಸುಮಾರಿಗೆ ಒಂಬತ್ತನೆಯ ಬೆಂಚು ಕೆಂಪಾಯಿತು. ಪರದೆಯ ಮೇಲೆ ಸಾಲು ಮೂಡಿತು: ಕೈಗವಸು ಕಳಚಲಾಗಿದೆ. ಕನ್ನಡಕ ಕಳಚಲಾಗಿದೆ. ಸೂಚನೆಯನ್ನು ಮೂರು ಬಾರಿ ಮೀರಲಾಗಿದೆ. ರೀಡಿಂಗ್ 31.4, 31.6, 31.5. ಮೂರರಲ್ಲಿ ಯಾವ ಎರಡೂ ಒಂದೇ ಅಲ್ಲ, ದಾಖಲೆಗೂ ಹೊಂದುವುದಿಲ್ಲ. ಕಲ್ಪಿಸಿ ಬರೆದಿರುವ ಸಂಭವ ನೂರಕ್ಕೆ ತೊಂಬತ್ತೊಂಬತ್ತು.

ನಾನು ಎದ್ದು ಲ್ಯಾಬಿಗೆ ಹೋಗುವಷ್ಟರಲ್ಲಿ ವರದಿ ತಾನಾಗಿಯೇ ಪರೀಕ್ಷಾ ವಿಭಾಗಕ್ಕೆ ಹೋಗಿತ್ತು. ಹಾಗೆ ಹೋಗಲಿ, ಯಾರ ಮುಲಾಜೂ ಬೇಡ ಎಂದು ವ್ಯವಸ್ಥೆ ಮಾಡಿಸಿದವಳೂ ನಾನೇ.

ಒಂಬತ್ತನೆಯ ಬೆಂಚಿನಲ್ಲಿದ್ದವಳು ಕಸ್ತೂರಿ ಸುಣಗಾರ. ದಪ್ಪ ಗಾಜಿನ ಚಷ್ಮಾ ಹಾಕುವ, ಮಾತು ಕಡಿಮೆಯ ಹುಡುಗಿ. ಅವರ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಇವಳೊಬ್ಬಳೇ. ಪರೀಕ್ಷೆ ಮುಗಿದ ಮೇಲೆ ಕರೆಸಿದೆ.

“ಕನ್ನಡಕ ಯಾಕ ತಗದಿ?” ಎಂದೆ.

“ನನ್ನ ಚಷ್ಮಾದ ಮ್ಯಾಲೆ ಅದು ಕುಂದ್ರಂಗಿಲ್ರಿ ಮೇಡಮ್. ಚಷ್ಮಾ ತಗದ್ರ ಬ್ಯುರೆಟ್ ಕಾಣಂಗಿಲ್ಲ. ಎರಡ ವರ್ಷ ಅತ್ತಿ ಹೇಳಿದ್ದ ಬರದೀನ್ರಿ. ಪರೀಕ್ಷಾದಾಗರ ಒಮ್ಮೆ ನನ್ನ ಕಣ್ಣಿಂದ ನೋಡಿ ಮಾಡೂಣು ಅನ್ನಿಸ್ತು.”

“ಕೈಗವಸು?”

“ಆರರ ಹತ್ರ ಬಂದ ಕೂಡ್ಲೆ ಅದು ಬೆರಳ ಗಟ್ಟಿ ಹಿಡಿದುಬಿಡತೈತ್ರಿ. ನೀರು ಇನ್ನೂ ಕೆಂಪ ಇತ್ತು. ಹಂಗಾಗಿ ತಗದ್ನಿ.”

“ಉಳಿದ ಐವತ್ತೊಂಬತ್ತ ಮಂದಿಗೆ ಆರು ಬರತೈತಿ, ನಿನಗೊಬ್ಬಾಕಿಗೆ ಮೂವತ್ತೊಂದು ಬರತೈತೇನು?”

ಅವಳು ಚಷ್ಮಾ ಮೇಲೆ ಸರಿಸಿಕೊಂಡಳು. ಆಮೇಲೆ ಹೇಳಿದಳು: “ನಮ್ಮ ಅಜ್ಜಂದು ಸುಣ್ಣದ ಭಟ್ಟಿ ಇತ್ರಿ. ಸುಣ್ಣದ ನೀರು ಕೈಗೆ ಹೆಂಗಿರತೈತಿ ಅಂತ ನನಗ ಗೊತ್ತೈತಿ. ನಮ್ಮ ಹಾಸ್ಟೆಲ್ ನೀರಾಗ ಸುಣ್ಣ ಭಾಳ ಐತ್ರಿ ಮೇಡಮ್. ಎಷ್ಟ ತಿಕ್ಕಿದ್ರೂ ಸೋಪ ನೊರಿ ಬಿಡಂಗಿಲ್ಲ.”

“ನೀರಿನ ಪರೀಕ್ಷೆ ಸೋಪಿನಿಂದ ಮಾಡೂದಲ್ಲ,” ಎಂದು ನಾನು ಗದರಿದೆ. ಒಂದು ಕಾಲಕ್ಕೆ ಗಡಸುತನವನ್ನು ಸೋಪಿನಿಂದಲೇ ಅಳೆಯುತ್ತಿದ್ದರು. ಅದನ್ನು ಮೊದಲ ವರ್ಷದವರಿಗೆ ಪಾಠ ಮಾಡುವವಳು ನಾನು. ಆ ಹೊತ್ತಿಗೆ ನನಗೆ ಅದು ನೆನಪಾಗಲಿಲ್ಲ.

ಸಂಜೆ ಕ್ವಾರ್ಟರ್ಸಿಗೆ ಬಂದರೆ ಅಡುಗೆಮನೆಯಲ್ಲಿ ನಮ್ಮ ಅತ್ತೆ ಈರವ್ವ ಕುಕ್ಕರಿನ ಮುಚ್ಚಳ ತೆಗೆದು ಸೌಟಿನಲ್ಲಿ ಬೇಳೆ ಒತ್ತಿ ನೋಡುತ್ತಿದ್ದರು. ನನ್ನ ಗಂಡನಿಗೆ ಬೇರೆ ಊರಲ್ಲಿ ಕೆಲಸ, ಶನಿವಾರ ಬರುತ್ತಾರೆ. ಮನೆಯಲ್ಲಿ ನಾವಿಬ್ಬರೇ.

“ಆರು ಸೀಟಿ ಆತು. ಬ್ಯಾಳಿ ಬೇಯವಲ್ದು ನೋಡ,” ಎಂದರು.

“ಗ್ಯಾಸ್ಕೆಟ್ ಹೋಗಿರಬೇಕ್ರಿ ಅತ್ತಿ.”

“ಈ ಮನಿಗೆ ಬಂದ ಮ್ಯಾಲೆ ಏಳು ಗ್ಯಾಸ್ಕೆಟ್ ಬದಲ ಮಾಡ್ಸಿದಿ. ಬ್ಯಾಳಿ ಹಳೇದು ಅಂದಿ, ಅಂಗಡಿ ಬದಲಾತು. ಕುಕ್ಕರ ಬದಲಾತು. ನೀರೊಂದು ಬದಲಾಗ್ಲಿಲ್ಲ.” ಅವರು ಕುಡಿಯುವ ನೀರಿನ ಕ್ಯಾನಿನಿಂದ ಒಂದು ತಂಬಿಗೆ ಬಗ್ಗಿಸಿ ಬೇರೆ ಪಾತ್ರೆಯಲ್ಲಿ ಹೊಸ ಬೇಳೆ ಇಟ್ಟರು. “ನೀ ಇಲ್ಲದಾಗ ನಾ ಹಿಂಗ ಮಾಡ್ತೀನಿ. ನೀ ಇದ್ದಾಗ ನಿನ್ನ ಓದಿಗೆ ಮರ್ಯಾದಿ ಕೊಟ್ಟು ನಳದ ನೀರಾಗ ಇಡ್ತೀನಿ.”

ಅವರ ಕೊಂಕು ನನಗೆ ರೂಢಿಯಾಗಿತ್ತು. ಕೈಕಾಲು ತೊಳೆಯಲು ಬಚ್ಚಲಿಗೆ ಹೋದೆ. ನಲ್ಲಿಯ ಬಾಯಿಗೆ ಬಿಳಿ ಚಕ್ಕೆ ಕಟ್ಟಿತ್ತು. ಪ್ರತಿ ಭಾನುವಾರ ನಿಂಬೆಹೋಳಿನಿಂದ ಅದನ್ನು ತಿಕ್ಕಿ ತೆಗೆಯುತ್ತೇನೆ, ಪ್ರತಿ ಸೋಮವಾರ ಲ್ಯಾಬಿಗೆ ಹೋಗಿ ಆರು ಪಾಯಿಂಟ್ ಎರಡು ಎಂದು ಕಲಿಸುತ್ತೇನೆ. ಕಣ್ಣ ಮುಂದೆ ಇದ್ದದ್ದು ಕಾಣದಿರಲು ಯಂತ್ರದ ಕನ್ನಡಕವೇ ಬೇಕೆಂದಿಲ್ಲ.

ಮರುದಿನ ಕುಲಸಚಿವ ದೇಸಾಯಿಯವರ ಫೋನು ಬಂತು. ಅವರು ಕೆಟ್ಟ ಮನುಷ್ಯರಲ್ಲ, ಗಲಾಟೆ ಆಗಬಾರದು ಎನ್ನುವ ಮನುಷ್ಯರು.

“ಮುಂದಿನ ತಿಂಗಳು ತಪಾಸಣಾ ತಂಡ ಬರೂದೈತಿ ಮೇಡಮ್ಮಾರ. ಸಹಸ್ತನ ನಾವು ಅವರಿಗೆ ತೋರಸೂದು. ಅಂಥಾದ್ರಾಗ ಈ ಹುಡುಗಿ ಕೈಗವಸು ಕಿತ್ತ ಒಗದಾಳ. ನಕಲು ಅಂತ ಆದ್ರ ಎರಡ ವರ್ಷ ಡಿಬಾರು. ಹಾಸ್ಟೆಲ್ಲೂ ಬಿಡಬೇಕು. ನಾ ಹೇಳೂದಂದ್ರ, ತಪ್ಪಾತು ಅಂತ ಒಂದ ಕಾಗದ ಬರಸ್ಕೊಂಡ ಬರ್ರಿ. ಈ ಒಂದು ಪೇಪರ್ ರದ್ದು ಮಾಡಿ ಬಿಟ್ಟಬಿಡೂಣು.”

ಹಾಸ್ಟೆಲ್ ಹೋದರೆ ಕಸ್ತೂರಿಯ ಓದು ಅಲ್ಲಿಗೆ ಮುಗಿಯಿತು. ಅದು ನನಗೂ ಗೊತ್ತು, ಅವಳಿಗೂ ಗೊತ್ತು. ಹಾಗಾಗಿ ನನ್ನ ಕೋಣೆಯಲ್ಲಿ ಅವಳನ್ನು ಕೂಡಿಸಿ ಬಿಳಿ ಹಾಳೆ ಕೊಟ್ಟೆ. ನಾನು ಹೇಳುತ್ತ ಹೋದೆ, ಅವಳು ಬರೆಯುತ್ತ ಹೋದಳು. ‘ನಾನು ಪ್ರಯೋಗ ಮಾಡದೆ ಅಂಕಿಗಳನ್ನು ಕಲ್ಪಿಸಿ ಬರೆದಿದ್ದೇನೆ’ ಎಂಬಲ್ಲಿ ಪೆನ್ನು ನಿಂತಿತು.

“ಆದ್ರ ನಾ ಕಲ್ಪಿಸಿಲ್ರಿ ಮೇಡಮ್.”

“ನಿನ್ನ ಛಲೋದಕ್ಕ ಹೇಳಾಕತ್ತೀನಿ ಕಸ್ತೂರಿ. ನೀರು ಇಳಿಯೋ ಕಡಿ ಹೋಗಬೇಕು, ಎದುರ ಈಜಬಾರ್ದು. ಬರಿ.”

ಬರೆದಳು. ಕೊನೆಯ ಸಾಲಿಗೆ ಬಂದಾಗ ತಲೆ ಎತ್ತದೆಯೇ ಕೇಳಿದಳು: “ಖರೇ ರೀಡಿಂಗ್ ಎಷ್ಟ ಅಂತ ಬರೀಲ್ರಿ?”

“ಆರು ಪಾಯಿಂಟ್ ಎರಡು ಅಂತ ಬರಿ.”

ಅವಳು ಅದನ್ನೂ ಬರೆದು ಸಹಿ ಮಾಡಿದಳು. ಅಕ್ಷರ ಮುತ್ತಿನಂತಿತ್ತು. ಅವಳನ್ನು ಉಳಿಸಿದೆ ಎಂಬ ಸಮಾಧಾನ ನನಗಿತ್ತು, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಅವಳು ಬಾಗಿಲ ತನಕ ಹೋಗಿ ‘ಬರ್ತೀನ್ರಿ ಮೇಡಮ್’ ಎಂದಳು, ಎಂದಿನಂತೆಯೇ.

ಕಾಗದ ಕುಲಸಚಿವರ ಕಚೇರಿಗೆ ಹೋಯಿತು. ಎರಡು ದಿನ ಬಿಟ್ಟು ನಾನು ಲ್ಯಾಬಿನ ಹಿಂಭಾಗದಲ್ಲಿದ್ದ ಸಿಂಕಿನ ಬಳಿ ಹೋದದ್ದು ಬೇರೆ ಯಾವುದೋ ಕೆಲಸಕ್ಕೆ. ಎರಡನೆಯ ವರ್ಷದವರ ತರಗತಿ ಆಗಷ್ಟೇ ಮುಗಿದಿತ್ತು. ನಮ್ಮ ಅಟೆಂಡರ್ ಕಳಕಪ್ಪ ತೊಳೆಯಲೆಂದು ಫ್ಲಾಸ್ಕುಗಳನ್ನು ಸಾಲಾಗಿ ಇಟ್ಟಿದ್ದ. ಪರದೆಗಳ ಕೋಣೆ ಆದ ಮೇಲೆ ನಾನು ಸಿಂಕಿನ ತನಕ ಹೋಗುವ ಪ್ರಸಂಗ ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಕಣ್ಣಿಗೆ ಕನ್ನಡಕವೂ ಇರಲಿಲ್ಲ. ಸಾಲಿನಲ್ಲಿದ್ದ ಹದಿನಾಲ್ಕೂ ಫ್ಲಾಸ್ಕುಗಳಲ್ಲಿ ದ್ರಾಕ್ಷಿ ರಸದ ಕೆಂಪು ನೀರಿತ್ತು.

“ಇವು ಅರ್ಧಕ್ಕ ಬಿಟ್ಟಾವೇನು ಕಳಕಪ್ಪ?”

“ಇಲ್ರಿ ಮೇಡಮ್ಮಾರ. ಎಲ್ಲಾ ಮುಗಿಸಿ ರೀಡಿಂಗ್ ಬರದು ಹೋಗ್ಯಾರ.”

“ಮತ್ತ ನೀಲಿ ಯಾಕಿಲ್ಲ?”

ಕಳಕಪ್ಪ ಕೈ ಒರೆಸಿಕೊಂಡ. “ಎರಡ ವರ್ಷ ಆತ್ರಿ, ಮೊನ್ನೆ ಒಂಬತ್ತನೇ ಬೆಂಚಿಂದು ಬಿಟ್ರ ನಾ ಈ ಸಿಂಕಿನ್ಯಾಗ ಒಂದರ ನೀಲಿ ಕಂಡಿಲ್ಲ.”

ನಾನು ಒಂದು ಫ್ಲಾಸ್ಕು ಎತ್ತಿ ಬೆಳಕಿಗೆ ಹಿಡಿದೆ. “ಯಾಕ ಹೇಳಲಿಲ್ಲ?”

“ಹೊಸಾ ಮಿಷನ್ನು. ಅದರ ಲೆಕ್ಕದಾಗ ಬಣ್ಣಾನೂ ಬ್ಯಾರೆ ಇರಬಹುದು ಅಂದ್ಕೊಂಡ್ನಿ.” ಸ್ವಲ್ಪ ತಡೆದು ಮತ್ತೆ ಹೇಳಿದ: “ಹೊಳಿ ನೀರು ಬರೂದು ನಿಂತು ಹದಿನೈದ ವರ್ಷ ಆತಲ್ರಿ. ಪೈಪ್ ಒಡದ ಮ್ಯಾಲೆ ಗುಡ್ಡದ ಬಾಜೂಕ ಬೋರ್ ಹೊಡಿಸಿದ್ರು. ಆ ನೀರು ಮೊದಲಿಂದನೂ ಗಡಸು. ಶುರುವಿಗೆ ಹುಡುಗ್ರು ಮೂವತ್ತು ಬಂತು, ಮೂವತ್ತೆರಡು ಬಂತು ಅಂತ ನಿಮ್ಮ ಕಡಿ ಬರ್ತಿದ್ರು. ನೀವ ಅಂತಿದ್ರಿ, ಕೈ ತಪ್ಪೇತಿ, ಹಳೇ ರೆಕಾರ್ಡ್ ನೋಡ್ಕೊಂಡ ಬರೀರಿ ಅಂತ. ಆಮ್ಯಾಲೆ ಯಾರೂ ಬರ್ಲಿಲ್ಲ.”

ಅವನ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಸಿಟ್ಟಾದರೂ ಮಾಡಬಹುದಾಗಿತ್ತು.

ನಾನೇ ಒಂದು ಬ್ಯುರೆಟ್ಟು ತುಂಬಿದೆ. ಕೈಗವಸಿಲ್ಲದೆ ನಲ್ಲಿ ತಿರುವಿ ಎಷ್ಟು ವರ್ಷವಾಗಿತ್ತೋ. ಎಡಗೈ ನಲ್ಲಿಯ ಮೇಲೆ, ಬಲಗೈಯಲ್ಲಿ ಫ್ಲಾಸ್ಕು. ಆರು ಪಾಯಿಂಟ್ ಎರಡಕ್ಕೆ ಬಂದಾಗ ನನ್ನ ಬೆರಳು ತಾನಾಗಿಯೇ ನಿಂತಿತು. ಯಾರೂ ಹಿಡಿಯದಿದ್ದರೂ ನಿಂತಿತು. ನೀರು ಕೆಂಪಗಿತ್ತು. ಹತ್ತು ದಾಟಿತು, ಇಪ್ಪತ್ತು ದಾಟಿತು, ಕೆಂಪು ಕೆಂಪೇ. ಮೂವತ್ತರ ನಂತರ ಸ್ವಲ್ಪ ನೇರಳೆಯಾಯಿತು. ಮೂವತ್ತೊಂದೂವರೆಗೆ ಒಂದು ಹನಿಯಲ್ಲಿ ತಿಳಿ ನೀಲಿ. ಮೂರು ದಿನದ ಹಿಂದೆ ಒಬ್ಬ ಹುಡುಗಿ ಇದೇ ನೀಲಿಯನ್ನು ನೋಡಿ, ನೋಡಿದ್ದನ್ನು ಬರೆದಿದ್ದಳು. ಅವಳ ಕೈಯಿಂದಲೇ ಅದನ್ನು ಸುಳ್ಳು ಎಂದು ಬರೆಸಿದವಳು ನಾನು.

ಸಹಸ್ತವನ್ನು ಮಾಡಿದ ಕಂಪನಿಯ ಎಂಜಿನಿಯರ್ ಚಿರಂತನ್‌ಗೆ ಕಂಟ್ರೋಲ್ ರೂಮಿನಿಂದ ಫೋನು ಮಾಡಿದೆ. ಮೈಸೂರು ಕಡೆಯ ಹುಡುಗ, ತಾಳ್ಮೆಯಿಂದ ಕೇಳಿಸಿಕೊಂಡ.

“ಅದು ಸುಳ್ಳು ಹೇಳ್ತಿಲ್ಲ ಮೇಡಂ. ಕನ್ನಡಕದ ಕ್ಯಾಮೆರಾಗೆ ಕೆಂಪೇ ಕಾಣುತ್ತೆ. ಆದರೆ ನಲವತ್ತೊಂದು ಸಾವಿರ ಪುಟ ಸೇರಿ ಆರು ಪಾಯಿಂಟ್ ಎರಡಕ್ಕೆ ನೀಲಿ ಆಗುತ್ತೆ ಅಂತಿವೆ. ಕ್ಯಾಮೆರಾ ಒಂದು ಹೇಳಿದಾಗ, ದಾಖಲೆ ಇನ್ನೊಂದು ಹೇಳಿದಾಗ ಯಾವುದನ್ನ ನಂಬಬೇಕು ಅಂತ ಶುರುವಲ್ಲೇ ನಿಮ್ಮನ್ನ ಕೇಳಿದ್ವಿ. ನಿಮ್ಮ ಲ್ಯಾಬಲ್ಲಿ ಟ್ಯೂಬ್‌ಲೈಟ್ ಮಿಣುಕುತ್ತೆ, ಬಣ್ಣ ಸರಿ ಕಾಣಲ್ಲ, ದಾಖಲೆಯನ್ನ ನಂಬಲಿ ಅಂತ ನೀವೇ ಆರಿಸಿದ್ರಿ. ಹಾಗಾಗಿ ಕನ್ನಡಕ ಬಣ್ಣವನ್ನ ತಿದ್ದಿ ತೋರಿಸುತ್ತೆ. ಅದು ನಿಮ್ಮ ಹತ್ತಿರವೇ ಕಲಿತಿದ್ದು ಮೇಡಂ.”

“ಸಹಸ್ತ ಕಲಿಸುವ ಉಳಿದ ಇಪ್ಪತ್ತೆರಡು ಪ್ರಯೋಗಗಳು?”

“ಅವಕ್ಕೂ ಅದೇ ರೆಕಾರ್ಡುಗಳು ತಾನೇ,” ಎಂದ.

ಮನೆಗೆ ಹೋಗಿ ಅತ್ತೆಗೆ ಹೇಳಿದೆ, ನೀರಿನಲ್ಲಿ ಸುಣ್ಣ ಬಹಳ ಇದೆಯಂತೆ ಎಂದು. ಅವರು ರೊಟ್ಟಿ ಬಡಿಯುತ್ತಿದ್ದರು, ಕೈ ನಿಲ್ಲಿಸಲಿಲ್ಲ. “ಅದನ್ನ ತಿಳಿಯಾಕ ಇಷ್ಟ ದೊಡ್ಡ ಸಾಲಿ ಬೇಕಾತೇನ?” ಎಂದರು. ಆಮೇಲೆ ನನ್ನ ಮುಖ ನೋಡಿ, ಯಾವ ಹುಡುಗಿಗೆ ಏನಾಯಿತು ಎಂದು ಕೇಳಿದರು. ಎಲ್ಲ ಹೇಳಿದೆ. ಅವರು ರೊಟ್ಟಿಯನ್ನು ಹಂಚಿಗೆ ಹಾಕಿ, “ಆ ಕೂಸಿನ ಬಾಯಿಂದ ಯಾಕ ಅನ್ನಿಸಿದಿ ನೀ?” ಎಂದರು. ನಾನು ಹಂಚಿನ ಮೇಲಿನ ರೊಟ್ಟಿ ಮಗುಚಿದೆ.

ಸೋಮವಾರ ನಕಲು ವಿಚಾರಣಾ ಸಮಿತಿಯ ಸಭೆ. ದೇಸಾಯಿಯವರು, ಅವರ ಎರಡೂ ಬದಿಗೆ ಬೇರೆ ವಿಭಾಗಗಳ ಇಬ್ಬರು ಪ್ರಾಧ್ಯಾಪಕರು. ಕಸ್ತೂರಿ ಹೊರಗೆ ಬೆಂಚಿನ ಮೇಲೆ ಕುಳಿತಿದ್ದಳು. ನಾನು ಕಳಕಪ್ಪನ ಕೈಯಲ್ಲಿ ಸ್ಟ್ಯಾಂಡು, ಬ್ಯುರೆಟ್ಟು, ನಳದ ನೀರಿನ ಬಾಟಲಿ ಹೊರಿಸಿಕೊಂಡು ಒಳಗೆ ಹೋದಾಗ ದೇಸಾಯಿಯವರು ಹುಬ್ಬೇರಿಸಿದರು.

“ಕಾಗದ ಬಂದೈತಲ್ಲ ಮೇಡಮ್ಮಾರ. ಇನ್ನೇನು?”

“ಐದ ನಿಮಿಷ ಕೊಡ್ರಿ ಸರ್. ಮೊದಲು ಸಹಸ್ತದ ಕನ್ನಡಕ ಹಾಕ್ಕೊಂಡ ನೋಡ್ರಿ.”

ಮೂವರೂ ಹಾಕಿಕೊಂಡರು. ನಾನು ಬರಿಗೈಯಲ್ಲಿ ಹನಿ ಬಿಡತೊಡಗಿದೆ. ಆರು ಪಾಯಿಂಟ್ ಎರಡಕ್ಕೆ ನಿಲ್ಲಿಸಿ ಫ್ಲಾಸ್ಕು ಎತ್ತಿ ಹಿಡಿದೆ. ಯಾವ ಬಣ್ಣ ಎಂದು ಕೇಳಿದೆ. ನೀಲಿ ಎಂದರು ಮೂವರೂ. ಛಲೋ ನೀಲಿ ಎಂದರು ಒಬ್ಬರು.

“ಈಗ ತಗೀರಿ.”

ಕನ್ನಡಕ ತೆಗೆದರೆ ನೀರು ಕೆಂಪಗಿತ್ತು. ದೇಸಾಯಿಯವರು ಒಮ್ಮೆ ಹಾಕಿ ನೋಡಿದರು, ಒಮ್ಮೆ ತೆಗೆದು ನೋಡಿದರು. ನಾನು ಮತ್ತೆ ನಲ್ಲಿ ತಿರುವಿ ಮೂವತ್ತೊಂದೂವರೆಯ ತನಕ ಇಳಿಸಿದೆ. ಈ ಸಲ ಅವರ ಬರಿಗಣ್ಣಿನ ಮುಂದೆಯೇ ನೀಲಿಯಾಯಿತು. ಆಮೇಲೆ ಹೊಳೆಯ ನೀರಿನ ಕಥೆ, ಬೋರಿನ ಕಥೆ, ಹಳೆಯ ರೆಕಾರ್ಡು ನೋಡಿ ಬರೆಯಿರಿ ಎಂದ ನನ್ನ ಕಥೆ, ಎಲ್ಲವನ್ನೂ ಹೇಳಿದೆ.

“ಸರಿ, ಒಪ್ಪಿದೆ. ನೀರು ಗಡಸೈತಿ,” ಎಂದರು ದೇಸಾಯಿ. “ಆದ್ರ ಹುಡುಗಿ ತಾನ ಬರದು ಕೊಟ್ಟಾಳಲ್ಲ, ಕಲ್ಪಿಸಿ ಬರದೀನಿ ಅಂತ. ಆಕಿ ಪರೀಕ್ಷಾದಾಗ ಬರದದ್ದು ಖರೇ ಇದ್ರ, ಈ ಕಾಗದ ಸುಳ್ಳಾತು. ಸಮಿತಿಗೆ ಸುಳ್ಳು ಕಾಗದ ಕೊಡೂದೂ ತಪ್ಪ.”

“ಬರಸಿದಾಕಿ ನಾನು ಸರ್.”

“ನಿಮಗ ಬರಸ್ರಿ ಅಂದಾವ ನಾನು,” ಎಂದು ಅವರು ಕೆಳದನಿಯಲ್ಲಿ ಹೇಳಿದರು. ಪಕ್ಕದವರು ಕಿಟಕಿಯ ಕಡೆ ನೋಡಿದರು. “ಮೇಡಮ್ಮಾರ, ಹದಿನೈದ ವರ್ಷದ ರೆಕಾರ್ಡ್ ಎಲ್ಲಾ ನೋಡಿ ನಕಲು ಮಾಡಿದ್ದು ಅಂತ ನಡಾವಳಿಯೊಳಗ ಬರೀಲೇನು? ಆ ಮಂದಿ ಎಲ್ಲಾ ಪಾಸಾಗಿ ಹೋಗ್ಯಾರ. ಅದರಾಗ ಮಾಸ್ತರ್ ಆದವರು ಎಷ್ಟ ಮಂದಿ ಅದಾರ.”

“ಬರೀರಿ ಸರ್. ಕೆಳಗ ನಾ ಸಹಿ ಮಾಡ್ತೀನಿ.”

ಅವರು ಬರೆಯಲಿಲ್ಲ. ಬರೆದದ್ದು ಇಷ್ಟು: ನೀರಿನ ಮೂಲದಲ್ಲಿ ಬದಲಾವಣೆ ಕಂಡುಬಂದಿರುವುದರಿಂದ ಗಡಸುತನದ ಪ್ರಯೋಗದ ಮಟ್ಟಿಗೆ ಸಹಸ್ತವನ್ನು ತಾತ್ಕಾಲಿಕವಾಗಿ ನಿಲ್ಲಿಸುವುದು, ವಿದ್ಯಾರ್ಥಿನಿಯ ಮೇಲಿನ ಆರೋಪ ಕೈಬಿಟ್ಟು, ಆಕೆಗೆ ಯಂತ್ರವಿಲ್ಲದೆ ಮರುಪರೀಕ್ಷೆ ಕೊಡುವುದು. ಉಳಿದ ಇಪ್ಪತ್ತೆರಡು ಪ್ರಯೋಗಗಳ ವಿಷಯ ತಪಾಸಣಾ ತಂಡ ಬಂದು ಹೋದ ಮೇಲೆ ನೋಡೋಣ ಎಂದರು. ನಾನು ಸಂಯೋಜಕಿಯ ಕೆಲಸ ಬಿಡುತ್ತೇನೆ ಎಂದು ಬರೆದುಕೊಟ್ಟೆ. ಅದನ್ನೂ ತಂಡ ಬಂದು ಹೋದ ಮೇಲೆ ನೋಡೋಣ ಎಂದರು.

ಹೊರಗೆ ಬಂದು ಕಸ್ತೂರಿಗೆ ಹೇಳಿದೆ, ನಿನ್ನ ಮೇಲೆ ಏನೂ ಇಲ್ಲ ಎಂದು. ಅವಳು ಎದ್ದು ನಿಂತು ಕೇಳಿಸಿಕೊಂಡಳು. “ತಪ್ಪು ನಂದು ಕಸ್ತೂರಿ. ನಿನ್ನ ರೀಡಿಂಗ್ ಖರೇ ಇತ್ತು,” ಎಂದೆ. “ಆತ್ರಿ ಮೇಡಮ್,” ಎಂದಳು. ಆ ಕಾಗದ ಬರೆದು ಹೋಗುವಾಗ ‘ಬರ್ತೀನ್ರಿ’ ಎಂದದ್ದೂ ಇದೇ ದನಿಯಲ್ಲಿ.

ಮರುಪರೀಕ್ಷೆ ಬುಧವಾರ ಬೆಳಿಗ್ಗೆ. ಲ್ಯಾಬಿನಲ್ಲಿ ನಾವು ಮೂವರೇ, ಕಸ್ತೂರಿ, ಕಳಕಪ್ಪ, ನಾನು. ಕಳಕಪ್ಪ ಹಿಂದಿನ ದಿನವೇ ಟ್ಯೂಬ್‌ಲೈಟು ಬದಲಿಸಿ, ಸೋರದ ಬ್ಯುರೆಟ್ಟು ಆರಿಸಿ ಸ್ಟ್ಯಾಂಡಿಗೆ ಕಟ್ಟಿದ್ದ. ಒಂಬತ್ತನೆಯ ಬೆಂಚೇ. ನಾನು ಎದುರಿಗೆ ಕುಳಿತೆ. ಪರೀಕ್ಷಕಿಯಾಗಿ ಕೂರುವ ಯೋಗ್ಯತೆ ನನಗಿರಲಿಲ್ಲ. ಆದರೆ ಅವಳು ತನ್ನ ಕಣ್ಣಿನಿಂದ ನೋಡಿ ಬರೆಯುವುದನ್ನು ನಾನು ನೋಡಬೇಕಿತ್ತು. ಅದೊಂದು ಆದರೆ ಎಲ್ಲ ಸರಿಹೋದೀತು ಎಂಬ ಆಸೆ.

ಅವಳ ಕೈ ಚೆನ್ನಾಗಿತ್ತು. ಫ್ಲಾಸ್ಕನ್ನು ಒಂದೇ ಹದದಲ್ಲಿ ತಿರುಗಿಸುತ್ತ, ಮೂವತ್ತು ದಾಟಿದ ಮೇಲೆ ಹನಿಯನ್ನು ಅರ್ಧ ಮಾಡಿ, ಬ್ಯುರೆಟ್ಟಿನ ತುದಿಯನ್ನು ಗಾಜಿಗೆ ತಾಗಿಸಿ ಇಳಿಸಿದಳು. ಅಂಥ ಕೈಯನ್ನು ಯಾವ ಕೈಗವಸೂ ಕಲಿಸಲಾರದು. ಮೊದಲ ಸಲ ನೀಲಿಯಾಯಿತು. ಎರಡನೆಯ ಸಲ ಆಯಿತು, ಮೂರನೆಯ ಸಲ ಆಯಿತು. ಪ್ರತಿ ಸಲವೂ ಚಷ್ಮಾ ಸರಿ ಮಾಡಿಕೊಂಡು, ಬಗ್ಗಿ, ಕಣ್ಣನ್ನು ದ್ರಾವಣದ ಮಟ್ಟಕ್ಕೆ ತಂದು ಓದಿದಳು. ನಾನೂ ಕುಳಿತಲ್ಲಿಂದಲೇ ಬಗ್ಗಿ ಓದಿದೆ. ಮೂವತ್ತೊಂದೂವರೆಯ ಆಸುಪಾಸೇ ಇತ್ತು.

ಆಮೇಲೆ ಅವಳು ಉತ್ತರಪತ್ರಿಕೆಯ ಕೋಷ್ಟಕ ತೆರೆದು, ಪೆನ್ನಿನ ಮುಚ್ಚಳ ತೆಗೆದಳು. ಮೊದಲನೆಯ ಮನೆಯ ಮೇಲೆ ಪೆನ್ನು ಹಿಡಿದಳು. ಬರೆಯಲಿಲ್ಲ. ಬ್ಯುರೆಟ್ಟಿನ ಕಡೆಗೂ ನೋಡಲಿಲ್ಲ. ತಲೆ ಎತ್ತಿ ನನ್ನ ಮುಖವನ್ನೇ ನೋಡಿ, ಬಹಳ ವಿನಯದಿಂದ ಕೇಳಿದಳು:

“ಎಷ್ಟ ಬರೀಲ್ರಿ ಮೇಡಮ್?”